ಅಮೆರಿಕದ ಕಾಲೇಜಿನ ನೆರವಿನ ಪತ್ರ: ಓದುವುದು ಹೇಗೆ, ಮತ್ತೆ ಕೇಳುವುದು ಹೇಗೆ?

ಮಾರ್ಚ್ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸುತ್ತಿರುವ ಮಕ್ಕಳ ಮನೆಗೆ ಪ್ರವೇಶಪತ್ರಗಳ ಜೊತೆ ಹಣಕಾಸು ನೆರವಿನ ಪತ್ರಗಳೂ ಬರುತ್ತವೆ. ಹೆಚ್ಚಿನ ಕಾಲೇಜುಗಳಿಗೆ ಮೇ 1ರೊಳಗೆ ಉತ್ತರ ಹೇಳಬೇಕು. ಸೀಟು ಸಿಕ್ಕ ಖುಷಿಯಲ್ಲಿ ಅಲ್ಲಿನ ನಮ್ಮ ಎಷ್ಟೋ ಕುಟುಂಬಗಳು ಪತ್ರದಲ್ಲಿರುವ ದೊಡ್ಡ ಅಂಕಿಯನ್ನಷ್ಟೇ ನೋಡಿ ನಿರ್ಧರಿಸಿಬಿಡುತ್ತವೆ.

ಆ ಅಂಕಿಯನ್ನು ಮೊದಲು ಬಿಡಿಸಿ. ಗ್ರಾಂಟ್, ಸ್ಕಾಲರ್‌ಶಿಪ್ ಹಣ ಹಿಂದಿರುಗಿಸಬೇಕಿಲ್ಲ. ಲೋನ್ ಎಂದರೆ ಸಾಲವೇ. ವರ್ಕ್-ಸ್ಟಡಿ ಎಂದರೆ ಮಗು ಓದಿನ ನಡುವೆ ದುಡಿದು ಪಡೆಯುವ ಸಂಬಳ. ಮೂರನ್ನೂ ಕೂಡಿಸಿ ‘ನೆರವು’ ಎಂದು ಬರೆಯುವ ಕಾಲೇಜುಗಳಿವೆ. ಅಲ್ಲಿನ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2022ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ ಶೇ 91ರಷ್ಟು ಕಾಲೇಜುಗಳು ಕುಟುಂಬ ಭರಿಸಬೇಕಾದ ನಿವ್ವಳ ಖರ್ಚನ್ನು ಪತ್ರದಲ್ಲಿ ತೋರಿಸುವುದಿಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ.

ಒಂದು ಹಾಳೆ ತೆಗೆದುಕೊಂಡು ನೀವೇ ಲೆಕ್ಕ ಹಾಕಿ. ಒಂದು ಕಾಲೇಜಿನ ವರ್ಷದ ಒಟ್ಟು ಖರ್ಚು 86,000 ಡಾಲರ್, ‘ನೆರವು’ 48,000 ಎಂದಿದೆ ಎನ್ನೋಣ. ಬಿಡಿಸಿದರೆ ಗ್ರಾಂಟ್ 36,000, ವಿದ್ಯಾರ್ಥಿ ಸಾಲ 5,500, ಪೋಷಕರ ಹೆಸರಿನ ಸಾಲ 4,000, ವರ್ಕ್-ಸ್ಟಡಿ 2,500. ಅಲ್ಲಿಗೆ ನಿಮ್ಮ ಪಾಲು 50,000. ಇನ್ನೊಂದರ ಖರ್ಚು 62,000, ನೆರವು 29,500. ಅದರಲ್ಲಿ ಗ್ರಾಂಟ್ 24,000, ಉಳಿದದ್ದು ಸಾಲ. ಇಲ್ಲಿ ನಿಮ್ಮ ಪಾಲು 38,000. ನೆರವು ಕಡಿಮೆ ಎಂದು ಕಂಡ ಕಾಲೇಜೇ ವರ್ಷಕ್ಕೆ 12,000 ಡಾಲರ್ ಅಗ್ಗ. ಒಟ್ಟು ಖರ್ಚಿನಲ್ಲಿ ಊಟ, ವಸತಿ, ಪುಸ್ತಕ, ಓಡಾಟ ಸೇರಿವೆಯೇ ನೋಡಿಕೊಳ್ಳಿ. ಗ್ರಾಂಟ್ ನಾಲ್ಕೂ ವರ್ಷ ಬರುತ್ತದೆಯೇ, ಅದಕ್ಕೆ ಇಂತಿಷ್ಟು ಜಿಪಿಎ ಇರಲೇಬೇಕೇ ಎಂಬುದನ್ನು ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿರಲಿ.

ಈಗ ಅಪೀಲ್, ಅಂದರೆ ನೆರವನ್ನು ಹೆಚ್ಚಿಸಿ ಎಂದು ಕಾಲೇಜನ್ನು ಮತ್ತೆ ಕೇಳುವುದು. ನಮ್ಮವರು ಹಿಂಜರಿಯುವುದೇ ಇಲ್ಲಿ. ಹಣದ ವಿಷಯ ಬಾಯಿಬಿಟ್ಟು ಕೇಳಲು ಸಂಕೋಚ. ಆದರೆ ಇದು ಅಂಗಲಾಚುವುದಲ್ಲ. ಫೆಡರಲ್ ನೆರವಿನ ಅರ್ಜಿ ಫಾಫ್ಸಾ ನೋಡುವುದು ಎರಡು ವರ್ಷ ಹಿಂದಿನ ಆದಾಯವನ್ನು. 2026–27ರ ಓದಿಗೆ 2024ರ ಲೆಕ್ಕ. ಆಮೇಲೆ ಅಪ್ಪನ ಕೆಲಸ ಹೋಗಿದ್ದರೆ, ಅಮ್ಮನಿಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಅದು ಅರ್ಜಿಗೆ ಗೊತ್ತೇ ಆಗುವುದಿಲ್ಲ. ನೀವು ಹೇಳಿದರಷ್ಟೇ ಕಾಲೇಜಿನ ನೆರವು ಅಧಿಕಾರಿಗೆ ತಿಳಿಯುತ್ತದೆ. ಅಂಥ ಸಂದರ್ಭದಲ್ಲಿ ಲೆಕ್ಕವನ್ನು ಮತ್ತೆ ಪರಿಶೀಲಿಸುವ ಅಧಿಕಾರವನ್ನು ಕಾನೂನೇ ಅವರಿಗೆ ಕೊಟ್ಟಿದೆ.

ಅಪೀಲಿನ ಪತ್ರ ಒಂದೇ ಪುಟದಲ್ಲಿರಲಿ. ಮೊದಲು ಥ್ಯಾಂಕ್ಸ್ ಹೇಳಿ. ಏನು ಬದಲಾಯಿತು, ಯಾವ ತಿಂಗಳು, ಎಷ್ಟು ಡಾಲರ್ ವ್ಯತ್ಯಾಸ ಎಂಬುದನ್ನು ಬರೆದು, ಎಷ್ಟು ಹೆಚ್ಚು ಬೇಕು ಎಂಬ ಅಂಕಿಯನ್ನೂ ಹಾಕಿ. ಕೆಲಸದಿಂದ ತೆಗೆದ ಪತ್ರ, ಇತ್ತೀಚಿನ ಪೇ ಸ್ಲಿಪ್, ವಿಮೆ ಭರಿಸದ ಆಸ್ಪತ್ರೆ ಬಿಲ್ ಲಗತ್ತಿಸಿ. ಊರಲ್ಲಿರುವ ತಂದೆತಾಯಿಯ ಚಿಕಿತ್ಸೆಗೆ ತಿಂಗಳು ತಿಂಗಳೂ ಹಣ ಕಳಿಸುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಬ್ಯಾಂಕ್ ದಾಖಲೆ ಕೊಡಿ. ಕಾಲೇಜು ಅದನ್ನು ಒಪ್ಪಲೇಬೇಕೆಂಬ ನಿಯಮವಿಲ್ಲ, ಆದರೆ ಕೇಳದೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ಮಟ್ಟದ ಬೇರೆ ಕಾಲೇಜು ಹೆಚ್ಚು ಗ್ರಾಂಟ್ ಕೊಟ್ಟಿದ್ದರೆ ಆ ಪತ್ರದ ಪ್ರತಿಯನ್ನೂ ಸೇರಿಸಿ. ಚೌಕಾಸಿಯ ಧಾಟಿ ಮಾತ್ರ ಬೇಡ.

ವೀಸಾ ವಿಷಯ ಮರೆಯಬಾರದು. ಅವಲಂಬಿತರ ವೀಸಾ ಎಚ್-4ರಲ್ಲಿರುವ ಮಕ್ಕಳಿಗೂ ವಿದ್ಯಾರ್ಥಿ ವೀಸಾ ಎಫ್-1ರಲ್ಲಿ ಕರ್ನಾಟಕದಿಂದ ಹೋಗುವವರಿಗೂ ಫೆಡರಲ್ ನೆರವು ಇಲ್ಲ. ಕೆಲವು ಖಾಸಗಿ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಎಂಬ ಬೇರೆ ಅರ್ಜಿ ನೋಡಿ ಸ್ವಂತ ನಿಧಿಯಿಂದ ಗ್ರಾಂಟ್ ಕೊಡುತ್ತವೆ. ಆದರೆ ವಿದೇಶಿ ವಿದ್ಯಾರ್ಥಿಗಳು ಪ್ರವೇಶದ ಅರ್ಜಿಯಲ್ಲೇ ನೆರವು ಕೇಳಿರದಿದ್ದರೆ ಅನೇಕ ಕಡೆ ಆಮೇಲೆ ಕೇಳಲು ಬರುವುದಿಲ್ಲ.

ಅಪೀಲಿಗೆ ಉತ್ತರ ಬರುವ ಮುನ್ನ ಸೀಟು ಖಚಿತಪಡಿಸುವ ಡೆಪಾಸಿಟ್ ಕಟ್ಟಬೇಡಿ. ಏಪ್ರಿಲ್ 25 ದಾಟಿದರೂ ಉತ್ತರವಿಲ್ಲದಿದ್ದರೆ ಮಗುವಿನಿಂದಲೇ ನೆರವು ಕಚೇರಿಗೆ ಫೋನ್ ಮಾಡಿಸಿ, ಮೇ 1ರ ಗಡುವನ್ನು ಒಂದು ವಾರ ವಿಸ್ತರಿಸಲು ಪ್ರವೇಶ ವಿಭಾಗಕ್ಕೆ ಅದೇ ದಿನ ಇಮೇಲ್ ಕಳಿಸಿ.