ಹೊಗೆಸೊಪ್ಪಿನ ಬೇಲ್‌ಗೊಂದು ಇಆರ್ ಡಯಾಗ್ರಾಂ

ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ಅಂದ ಕೂಡಲೇ ನೆನಪಾಗೋದು ಮೂರೇ ವಿಷಯ: ಲೈಬ್ರರಿ, ಹಾಸ್ಪಿಟಲ್, ಹೋಟೆಲ್ ಬುಕಿಂಗ್. ಡಯಾಗ್ರಾಂ ರೆಡಿಮೇಡ್ ಸಿಗುತ್ತೆ, ರೆಕಾರ್ಡ್‌ಗೆ ಅಂಟಿಸಿದ್ರೆ ಮುಗೀತು. ಆದ್ರೆ ಡಯಾಗ್ರಾಂ ಇರೋದು ಅಂಟಿಸೋಕಲ್ಲ. ಕೋಡ್ ಬರೆಯೋಕೆ ಮುಂಚೆ ಸರಿಯಾದ ಪ್ರಶ್ನೆ ಕೇಳೋಕೆ. ಅದು ಹೇಗೆ ಅಂತ ಈ ಸಲ ನಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ಇಟ್ಕೊಂಡು ನೋಡೋಣ: ಹೊಗೆಸೊಪ್ಪಿನ ಹರಾಜು.

ಮೊದಲು ವ್ಯವಹಾರ ಅರ್ಥ ಮಾಡ್ಕೊಳ್ಳೋಣ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಸ್ನೇಹಿತರಿಗೆ ಇದನ್ನ ಹೇಳಬೇಕಾಗಿಲ್ಲ. ಉಳಿದವರಿಗೆ ಚುಟುಕಾಗಿ: ಇಲ್ಲಿ ಬೆಳೆಯೋ ವರ್ಜೀನಿಯಾ ತಂಬಾಕಿನ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ನಲ್ಲಿ ಬೇಯಿಸಿ ಹದ ಮಾಡ್ತಾರೆ. ಆಮೇಲೆ ಗ್ರೇಡ್ ಮಾಡಿ, ಬೇಲ್ ಕಟ್ಟಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ತರ್ತಾರೆ. ಗುಂಟೂರಿನಲ್ಲಿ ಕೇಂದ್ರ ಕಚೇರಿ ಇರುವ ಈ ಮಂಡಳಿ ಶುರುವಾಗಿದ್ದು 1976ರಲ್ಲಿ; ಕರ್ನಾಟಕದಲ್ಲಿ ಹರಾಜು ಆರಂಭವಾಗಿದ್ದು 1984ರಲ್ಲಿ. ರೈತರು ಮಂಡಳಿಯಲ್ಲಿ ನೋಂದಾಯಿಸಬೇಕು, ಬ್ಯಾರನ್‌ಗೆ ಲೈಸೆನ್ಸ್ ಬೇಕು, ಎಷ್ಟು ಬೆಳೆಯಬಹುದು ಅನ್ನೋದನ್ನ ಮಂಡಳಿ ಪ್ರತಿ ವರ್ಷ ನಿಗದಿ ಮಾಡುತ್ತೆ. ಹರಾಜೂ ಈಗ ಎಲೆಕ್ಟ್ರಾನಿಕ್ ಆಗಿದೆ.

ಮಂಡಳಿಯ ಸಾಫ್ಟ್‌ವೇರ್ ಒಳಗೆ ಏನಿದೆ ಅಂತ ನಾವಿಲ್ಲಿ ಹೇಳ್ತಿಲ್ಲ. ಇದು ಕಲಿಯೋದಕ್ಕೋಸ್ಕರ ನಾವೇ ಬರೆಯೋ ಮಾದರಿ.

ಚೌಕಗಳು

ಮಂಡಳಿ ಹುಟ್ಟಿದ ಅದೇ 1976ರಲ್ಲಿ ಪೀಟರ್ ಚೆನ್ ಎಂಬ ವಿಜ್ಞಾನಿ ಇಆರ್ ಮಾದರಿಯ ಪ್ರಸಿದ್ಧ ಲೇಖನ ಪ್ರಕಟಿಸಿದರು. ಅವರ ವಿಧಾನ ಸರಳ. ಯಾವುದರ ಬಗ್ಗೆ ನಾವು ಮಾಹಿತಿ ಇಡಬೇಕೋ ಅದು ಎಂಟಿಟಿ, ಅದಕ್ಕೊಂದು ಚೌಕ. ಅದರ ಗುಣಗಳು ಆಟ್ರಿಬ್ಯೂಟ್. ಎರಡು ಎಂಟಿಟಿಗಳ ಸಂಬಂಧ ರಿಲೇಷನ್‌ಶಿಪ್, ಅದಕ್ಕೆ ವಜ್ರಾಕೃತಿ.

ಮೇಲಿನ ಪ್ಯಾರಾದಲ್ಲಿರೋ ನಾಮಪದಗಳನ್ನ ಹೆಕ್ಕಿ: ರೈತ, ಬ್ಯಾರನ್, ಲೈಸೆನ್ಸ್, ಬೇಲ್, ಮಾರುಕಟ್ಟೆ. ಇವರ ಜೊತೆ ಖರೀದಿದಾರ ಕಂಪನಿಯನ್ನೂ ಸೇರಿಸಿ. ಆರು ಚೌಕ ಆಯ್ತು. ಬೇಲ್‌ಗೆ ನಂಬರ್, ತೂಕ, ಗ್ರೇಡ್. ರೈತನಿಗೆ ಹೆಸರು, ಊರು, ಬ್ಯಾಂಕ್ ಖಾತೆ. ಇಷ್ಟು ಸುಲಭ. ಕಷ್ಟ ಶುರುವಾಗೋದು ಗೆರೆ ಎಳೆಯುವಾಗ.

ಒಂದೊಂದು ಗೆರೆಯೂ ಒಂದು ಪ್ರಶ್ನೆ

ಗೆರೆಯ ತುದಿಯಲ್ಲಿ ಒಂದು ಅಡ್ಡಗೀಟು ಇದ್ರೆ 'ಒಂದು', ಕಾಗೆ ಕಾಲಿನ ಹಾಗೆ ಮೂರಾಗಿ ಸೀಳಿದ್ರೆ 'ಅನೇಕ', ಸೊನ್ನೆ ಇದ್ರೆ 'ಇಲ್ಲದೆಯೂ ಇರಬಹುದು'. ಈಗ ಕೇಳ್ಕೊಳ್ಳೋಣ.

ಒಬ್ಬ ರೈತನಿಗೆ ಎಷ್ಟು ಬ್ಯಾರನ್? 'ಒಂದೇ' ಅಂತ ಅಂದ್ಕೊಂಡು ರೈತನ ಟೇಬಲ್‌ನಲ್ಲೇ ಬ್ಯಾರನ್ ನಂಬರ್‌ಗೆ ಒಂದು ಕಾಲಂ ಇಟ್ರೆ, ಎರಡು ಬ್ಯಾರನ್ ಇರೋರ ಎರಡನೆಯದನ್ನ ಬರೆಯೋಕೆ ಜಾಗವೇ ಇರಲ್ಲ.

ಲೈಸೆನ್ಸ್ ಯಾರ ಹೆಸರಲ್ಲಿದೆ? ತಂದೆ ಹೆಸರಲ್ಲಿದ್ದು, ಅವರು ತೀರಿಕೊಂಡು, ಮಗ ಬೇಸಾಯ ಮುಂದುವರಿಸಿದ್ರೆ? ರೈತನ ಹೆಸರನ್ನೇ ಅಳಿಸಿ ಹೊಸದು ಬರೆದ್ರೆ, ತಂದೆ ಮಾರಿದ ಹಳೇ ಬೇಲ್‌ಗಳೆಲ್ಲ ಮಗನ ಹೆಸರಿಗೆ ಹೋಗಿಬಿಡುತ್ತೆ. ಅದಕ್ಕೇ ರೈತ ಮತ್ತು ಲೈಸೆನ್ಸ್ ಮಧ್ಯೆ 'ಯಾವಾಗಿಂದ, ಯಾವಾಗಿನವರೆಗೆ' ಅನ್ನೋ ತಾರೀಖು ಇರೋ ಸಂಬಂಧ ಬೇಕು. ವಾರ್ಷಿಕ ಕೋಟಾ ಕೂಡ ಹೀಗೇ. ಅದು ಲೈಸೆನ್ಸ್‌ನ ಆಟ್ರಿಬ್ಯೂಟ್ ಅಲ್ಲ. ಲೈಸೆನ್ಸ್ ಮತ್ತು ವರ್ಷ ಎರಡೂ ಸೇರಿ ಕೀ ಆಗೋ ಬೇರೆ ಎಂಟಿಟಿ.

ಬೆಲೆ ಎಲ್ಲಿ ಬರೆಯೋದು? ಬೇಲ್ ಟೇಬಲ್‌ನಲ್ಲಿ 'ಬೆಲೆ' ಅನ್ನೋ ಕಾಲಂ ಸಾಕು ಅನ್ಸುತ್ತೆ. ಆದ್ರೆ ಒಂದು ಬೇಲ್ ಸೋಮವಾರ ಯಾರೂ ಕೂಗದೆ ನೋ ಬಿಡ್ ಆಗಿ, ಮುಂದಿನ ವಾರ ಮಾರಾಟ ಆಗಬಹುದು. ಕಾಲಂ ಒಂದೇ ಇದ್ರೆ ಸೋಮವಾರದ ಕಥೆಯೇ ಇರಲ್ಲ. ರೈತ ಎರಡು ಸಲ ಬಾಡಿಗೆ ಕೊಟ್ಟು ಬೇಲ್ ಹೊತ್ಕೊಂಡು ಬಂದಿದ್ದಕ್ಕೆ ಲೆಕ್ಕವೇ ಉಳಿಯಲ್ಲ. ಹಾಗಾಗಿ 'ಹರಾಜಿಗೆ ಇಟ್ಟಿದ್ದು' ಅನ್ನೋದೇ ಒಂದು ಚೌಕ ಆಗಬೇಕು: ಯಾವ ಬೇಲ್, ಯಾವ ದಿನ, ಯಾವ ಮಾರುಕಟ್ಟೆ, ಏನಾಯ್ತು. ಕೂಗಿದ ಬೆಲೆಗಳು ಅದರ ಕೆಳಗೆ ಬರ್ತವೆ.

ಇನ್ನು ತುಂಬ ಮುಖ್ಯವಾದ ಗೆರೆ: ಬೇಲ್‌ಗೆ ಲೈಸೆನ್ಸ್ ಇರಲೇಬೇಕಾ? ಅಡ್ಡಗೀಟು ಹಾಕಿದ್ರೆ ಟೇಬಲ್‌ನಲ್ಲಿ 'ನಾಟ್ ನಲ್' ಆಗುತ್ತೆ. ಆದ್ರೆ ಕಾರ್ಡ್ ಇಲ್ಲದೆ ಬೆಳೆಯೋರೂ ಈ ತಾಲ್ಲೂಕುಗಳಲ್ಲಿ ಇದ್ದಾರೆ. ಅಂಥವರ ಸೊಪ್ಪನ್ನ ದಂಡ ಹಾಕಿ ಮಾರೋಕೆ ಸರ್ಕಾರ ಅನುಮತಿ ಕೊಟ್ಟ ವರ್ಷಗಳೂ ಇವೆ. ಆ ಆದೇಶ ಬಂದ ದಿನ ಅಡ್ಡಗೀಟಿನ ಡಯಾಗ್ರಾಂನಿಂದ ಬಂದ ಸಾಫ್ಟ್‌ವೇರ್ ಆ ಬೇಲನ್ನ ಒಳಗೇ ಬಿಡಲ್ಲ. ಸೊನ್ನೆ ಹಾಕಿದ್ರೆ ಬಿಡುತ್ತೆ, ಆದ್ರೆ ಯಾರು ಬೇಕಾದ್ರೂ ತರಬಹುದು ಅಂತಾಗುತ್ತೆ. ಯಾವುದು ಸರಿ ಅನ್ನೋದು ಪ್ರೋಗ್ರಾಮರ್ ಒಬ್ಬನೇ ತೀರ್ಮಾನ ಮಾಡೋ ವಿಷಯ ಅಲ್ಲ. ಕಾನೂನು ಗೊತ್ತಿರೋರನ್ನೂ ರೈತರನ್ನೂ ಕೇಳಬೇಕು. ಗೆರೆ ಎಳೆಯದೇ ಇದ್ದಿದ್ರೆ ಈ ಪ್ರಶ್ನೆ ಇದೆ ಅಂತಾನೇ ಗೊತ್ತಾಗ್ತಿರಲಿಲ್ಲ.

ಬಾಣಗಳು

ಇಆರ್ ಡಯಾಗ್ರಾಂ ಏನೇನಿದೆ ಅಂತ ಹೇಳುತ್ತೆ, ಏನೇನಾಗುತ್ತೆ ಅಂತ ಹೇಳಲ್ಲ. ಅದಕ್ಕೆ ಯುಎಂಎಲ್ ಇದೆ. ಗ್ರೇಡಿ ಬೂಚ್, ಜೇಮ್ಸ್ ರಂಬಾ, ಐವಾರ್ ಜೇಕಬ್‌ಸನ್ ಈ ಮೂವರ ವಿಧಾನಗಳು ಒಂದಾಗಿ 1997ರಲ್ಲಿ ಸ್ಟ್ಯಾಂಡರ್ಡ್ ಆಯ್ತು. ಅದರಲ್ಲಿ ಸ್ಟೇಟ್ ಡಯಾಗ್ರಾಂ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತೆ.

ಒಂದು ಬೇಲ್‌ನ ಸ್ಥಿತಿಗಳನ್ನ ಬರೀರಿ: ನೋಂದಣಿ ಆಯ್ತು, ತೂಕ ಆಯ್ತು, ಹರಾಜಿಗೆ ಇಟ್ರು, ಮಾರಾಟ ಆಯ್ತು, ಹಣ ಜಮಾ ಆಯ್ತು. ಒಂದರಿಂದ ಒಂದಕ್ಕೆ ಬಾಣ. ಈಗ 'ನೋ ಬಿಡ್' ಸೇರಿಸಿ. ಅಲ್ಲಿಂದ ಬಾಣ ಎಲ್ಲಿಗೆ? 'ರೈತ ಬೆಲೆ ಒಪ್ಪಲಿಲ್ಲ' ಅನ್ನೋದನ್ನೂ ಸೇರಿಸಿ. ಅಲ್ಲಿಂದ? ನಿಯಮ ನೆನಪಿಟ್ಕೊಳ್ಳಿ: ಕೊನೆಯ ಸ್ಥಿತಿ ಬಿಟ್ಟು ಉಳಿದ ಎಲ್ಲಾ ಸ್ಥಿತಿಯಿಂದಲೂ ಹೊರಗೆ ಒಂದು ಬಾಣ ಇರಲೇಬೇಕು. ಇಲ್ಲದಿದ್ರೆ ಬೇಲ್ ರೈತನ ಮನೆಗೆ ವಾಪಸ್ ಹೋಗಿರುತ್ತೆ, ಕಂಪ್ಯೂಟರ್‌ನಲ್ಲಿ ಮಾತ್ರ ಮಾರುಕಟ್ಟೆಯಲ್ಲೇ ಕೂತಿರುತ್ತೆ.

ಡಯಾಗ್ರಾಂನಿಂದ ಟೇಬಲ್‌ಗೆ

ಇದು ಪಠ್ಯದಲ್ಲೇ ಇದೆ, ಆದ್ದರಿಂದ ಬೇಗ ಹೇಳ್ತೀವಿ:

1. ಪ್ರತಿ ಚೌಕ ಒಂದು ಟೇಬಲ್.
2. ಒಂದು-ಅನೇಕ ಸಂಬಂಧದಲ್ಲಿ 'ಅನೇಕ' ಕಡೆಯ ಟೇಬಲ್‌ಗೆ ಫಾರಿನ್ ಕೀ.
3. ಅನೇಕ-ಅನೇಕ ಸಂಬಂಧಕ್ಕೆ ಮಧ್ಯೆ ಹೊಸ ಟೇಬಲ್.
4. ಕಾಲಕ್ಕೆ ತಕ್ಕಂತೆ ಬದಲಾಗೋ ಮಾಹಿತಿಗೆ ತಾರೀಖು ಇರೋ ಬೇರೆ ಟೇಬಲ್.

ನಿಮಗೊಂದು ಕೆಲಸ

ಎಸ್‌ಕ್ಯೂಎಲ್ ಕೋಡ್ ತೋರಿಸಿದ್ರೆ ರೈತರಿಗಾಗಲಿ ಗುಮಾಸ್ತರಿಗಾಗಲಿ ಏನೂ ಗೊತ್ತಾಗಲ್ಲ. ಅದೇ ಚೌಕ, ಗೆರೆ ತೋರಿಸಿ, ಬಾಯಲ್ಲಿ ಓದಿ ಹೇಳಿದ್ರೆ, "ಇದು ಹಿಂಗಲ್ಲ ಕಣಪ್ಪ" ಅಂತ ತಕ್ಷಣ ತಿದ್ತಾರೆ. ಪೇಪರ್ ಮೇಲೆ ತಿದ್ದೋಕೆ ಒಂದು ರಬ್ಬರ್ ಸಾಕು. ಸಾವಿರಾರು ಬೇಲ್ ಎಂಟ್ರಿ ಆದ ಮೇಲೆ ತಿದ್ದೋದು ಬೇರೆ ಮಾತು.

ಹಾಗಾಗಿ ಮುಂದಿನ ಮಿನಿ ಪ್ರಾಜೆಕ್ಟ್‌ಗೆ ನಿಮ್ಮೂರಿನ ಹಾಲಿನ ಡೈರಿಯನ್ನೋ ಸಂತೆಯನ್ನೋ ತಗೊಳ್ಳಿ. ಅದಕ್ಕೆ ಮುಂಚೆ ಈ ಡಯಾಗ್ರಾಂ ಪೂರ್ತಿ ಮಾಡಿ: ಒಬ್ಬರ ಬ್ಯಾರನ್‌ನಲ್ಲಿ ಪಕ್ಕದ ಮನೆಯವರ ಸೊಪ್ಪೂ ಬೆಂದು, ಎರಡೂ ಒಂದೇ ಬೇಲ್‌ಗೆ ಸೇರಿದ್ರೆ, ಬೇಲ್‌ನಿಂದ ರೈತನಿಗೆ ಎಳೆದ ಗೆರೆಯ ತುದಿಯಲ್ಲಿ ಅಡ್ಡಗೀಟೋ, ಕಾಗೆ ಕಾಲೋ? ಹಣ ಯಾರ ಖಾತೆಗೆ ಹೋಗಬೇಕು ಅನ್ನೋದು ಆ ಉತ್ತರದ ಮೇಲೆ ನಿಂತಿದೆ.