ಅಜ್ಜಿಯ ಇಳಕಲ್ ಸೀರೆಗೆ ಜೇಬು, ಸಂಜೆಯ ಹಸಿವಿಗೆ ಮುಟಗಿ

ಕನಮಡಿಯಲ್ಲಿ ಬೆಳಗಿನ ಬಸ್ ಹತ್ತಿ, ತಿಕೋಟಾ ದಾಟಿ, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೋ ವಿಜಯಪುರದ ಕಾಲೇಜು, ಅಂಗಡಿ, ಆಸ್ಪತ್ರೆಗಳಿಗೋ ಹೋಗಿಬರುವ ಹೆಣ್ಣುಮಕ್ಕಳಿಗೆ ದಿನವೂ ಎರಡು ಚಿಂತೆ. ಹೊರಡುವಾಗ ಏನು ಹಾಕಿಕೊಳ್ಳಲಿ, ದಣಿದು ಬಂದ ಮೇಲೆ ಏನು ಮಾಡಿಕೊಂಡು ತಿನ್ನಲಿ? ಎರಡಕ್ಕೂ ಬೇಕಾದದ್ದು ಈ ಭಾಗದ ಬಹುತೇಕ ಮನೆಗಳಲ್ಲಿ ಆಗಲೇ ಇದೆ. ಒಂದು ಟ್ರಂಕಿನಲ್ಲಿ, ಇನ್ನೊಂದು ರೊಟ್ಟಿ ಬುಟ್ಟಿಯಲ್ಲಿ. ಮೊಬೈಲಿನಲ್ಲಿ ಕಡಿಮೆ ಬೆಲೆಗೆ ಕಾಣುವ ಪಾಲಿಯೆಸ್ಟರ್ ಕುರ್ತಿ ನಮ್ಮ ಊರಿಗೆ ಅಗ್ಗದ್ದಲ್ಲ. ಏಪ್ರಿಲ್‌, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ, ತುಂಬಿದ ಬಸ್ಸಿನಲ್ಲಿ, ಬೆವರು ಹೀರದ ಬಟ್ಟೆ ತೊಟ್ಟವರಿಗೆ ಅದರ ನಿಜವಾದ ಬೆಲೆ ತಿಳಿಯುತ್ತದೆ.

ಬಾಂಡೆ ಸಾಮಾನು ಮಾರುವವರು ಓಣಿಗೆ ಬಂದಾಗ ಹಳೆಯ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿದೆ. ಅಜ್ಜಿಯ ಹತ್ತಿ ಸೀರೆಯನ್ನು ಮಾತ್ರ ಹಾಗೆ ಕೊಡಬೇಡಿ. ಇಳಕಲ್, ಗುಳೇದಗುಡ್ಡ ಎರಡೂ 1997ರವರೆಗೆ ನಮ್ಮ ಅಖಂಡ ಬಿಜಾಪುರ ಜಿಲ್ಲೆಯಲ್ಲೇ ಇದ್ದ ಊರುಗಳು. ಬಾಗಲಕೋಟೆ ಬೇರೆ ಜಿಲ್ಲೆಯಾದರೂ ಅಲ್ಲಿಯ ಸೀರೆ, ಖಣ ನಮ್ಮ ಟ್ರಂಕು ಬಿಟ್ಟು ಹೋಗಿಲ್ಲ. ಹಳೆಯ ಕಾಲದವರು ಉಡುತ್ತಿದ್ದದ್ದು ಎಂಟು ವಾರ, ಒಂಬತ್ತು ವಾರದ ಸೀರೆ. ಒಂದು ಕುರ್ತಿಗೆ ಎರಡೂವರೆ ವಾರ ಸಾಕು. ಲೆಕ್ಕ ನೀವೇ ಹಾಕಿ.

ಸೀರೆ ಆರಿಸುವುದು

ಮೊದಲು ಯಾವುದನ್ನು ಕತ್ತರಿಸಬಾರದು ಎಂದು ತೀರ್ಮಾನಿಸಿ. ಕೈಯಿಂದ ಕಸೂತಿ ಹಾಕಿದ ಸೀರೆ, ಗೋಪುರ, ತೇರು, ಆನೆ ಮೂಡಿಸಿದ ಸೆರಗು, ಅಪ್ಪಟ ರೇಷ್ಮೆ ಇವನ್ನು ಮಡಿಕೆ ಬದಲಿಸಿ ಹಾಗೇ ಎತ್ತಿಡಿ. ಅಂಥ ಕೆಲಸ ಮತ್ತೆ ಮಾಡಿಸುವುದು ಸುಲಭವಲ್ಲ. ನಮಗೆ ಬೇಕಾದದ್ದು ದಿನಬಳಕೆಯ ಹತ್ತಿ ಸೀರೆ.

ಹತ್ತಿಯೋ ಅಲ್ಲವೋ ಎಂಬ ಅನುಮಾನವಿದ್ದರೆ ತುದಿಯಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಡಿ. ಅಡ್ಡ ಎಳೆ, ಉದ್ದ ಎಳೆ ಎರಡನ್ನೂ ಬೇರೆ ಬೇರೆ ಸುಟ್ಟು ನೋಡಬೇಕು. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆಮೇಲೆ ಸೀರೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿ. ಎಳೆ ಸಡಿಲಾಗಿ ಬೆಳಕು ಹೆಚ್ಚು ತೂರಿ ಬರುವ ಕಡೆ ಚಾಕ್‌ಪೀಸಿನಿಂದ ಗುರುತು ಹಾಕಿ. ಮಡಿಕೆ ಬಿದ್ದಲ್ಲಿ ಎರಡೂ ಕೈಯಿಂದ ಮೆಲ್ಲಗೆ ಜಗ್ಗಿ. ಚರ್ ಎಂದರೆ ಆ ಭಾಗ ಬಿಟ್ಟುಬಿಡಿ. ಸೊಂಟಕ್ಕೆ ಸಿಕ್ಕಿಸುವ ಒಳಸೆರಗಿನ ಕಡೆಯ ಬಟ್ಟೆ ಬಿಸಿಲು ಕಾಣದ್ದರಿಂದ ಹೆಚ್ಚು ಗಟ್ಟಿ ಇರುತ್ತದೆ. ಕತ್ತರಿ ಹಾಕುವುದನ್ನು ಅಲ್ಲಿಂದಲೇ ಶುರುಮಾಡಿ.

ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒಂದು ಮೂಲೆ ತಿಕ್ಕಿ. ಬಣ್ಣ ಹತ್ತಿದರೆ ಆ ಸೀರೆಯನ್ನು ಬೇರೆ ಬಟ್ಟೆಗಳ ಜೊತೆ ಎಂದೂ ನೆನೆಹಾಕಬೇಡಿ. ಹೊಲಿಯುವ ಮೊದಲೊಮ್ಮೆ ತಣ್ಣೀರಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ.

ಕತ್ತರಿಸುವುದು, ಹೊಲಿಯುವುದು

ಅಳತೆಗೆ ಟೇಪು ಹಿಡಿದು ತಲೆ ಕೆಡಿಸಿಕೊಳ್ಳುವ ಬದಲು, ನಿಮಗೆ ಚೆನ್ನಾಗಿ ಕೂಡುವ ಹಳೆಯ ಕುರ್ತಿಯೊಂದನ್ನು ತೆಗೆದುಕೊಳ್ಳಿ. ಅದನ್ನು ಸೀರೆಯ ಮೇಲೆ ಹಾಸಬೇಕಾದದ್ದು ಸೀರೆಯ ಉದ್ದಕ್ಕಲ್ಲ, ಅಗಲಕ್ಕೆ. ಸೀರೆಯ ಅಗಲ ಸುಮಾರು 45 ಇಂಚು ಇರುತ್ತದೆ, ಅದೇ ಕುರ್ತಿಯ ಉದ್ದವಾಗುತ್ತದೆ. ಹೀಗೆ ಇಟ್ಟರೆ ಸೀರೆಯ ಅಂಚು ತಾನಾಗಿ ಕುರ್ತಿಯ ಕೆಳಗಿನ ಅಂಚಾಗಿ ಬರುತ್ತದೆ, ಅಲ್ಲಿ ಮಡಚಿ ಹೊಲಿಯುವ ಕೆಲಸವೂ ತಪ್ಪುತ್ತದೆ. ಆದರೆ ಸೀರೆಯ ಕೆಳಗಿನ ಅಂಚು ವರ್ಷಗಟ್ಟಲೆ ನೆಲಕ್ಕೆ, ಹಿಮ್ಮಡಿಗೆ ಉಜ್ಜಿ ಸವೆದಿರುತ್ತದೆ. ಸೊಂಟದಲ್ಲಿ ಅಡಗಿದ್ದ ಮೇಲಿನ ಅಂಚು ಇನ್ನೂ ಹೊಸದರಂತಿರುತ್ತದೆ. ಸೀರೆಯನ್ನು ತಲೆಕೆಳಗು ಮಾಡಿ, ಆ ಅಂಚು ಕುರ್ತಿಯ ಕೆಳಭಾಗಕ್ಕೆ ಬರುವಂತೆ ಹಾಸಿ. ಇದೊಂದೇ ಮಾಡಿದರೂ ಕುರ್ತಿ ಹಳೆಯ ಬಟ್ಟೆಯದು ಎಂದು ಯಾರೂ ಹೇಳಲಾರರು.

ಮುಂಭಾಗ, ಹಿಂಭಾಗಕ್ಕೆ ತಲಾ 28 ಇಂಚಿನಂತೆ ಎರಡು ತುಂಡು ಬೇಕು. ಇದು ಸುಮಾರು 36 ಇಂಚು ಎದೆಸುತ್ತಳತೆಯವರಿಗೆ. ಮೈಕಟ್ಟು ದೊಡ್ಡದಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚಿಸಿ. ತೋಳಿಗೆ 18 ಇಂಚಿನ ಒಂದೇ ಪಟ್ಟಿಯನ್ನು ಸೀರೆಯ ಪೂರ್ತಿ ಅಗಲಕ್ಕೆ ಕತ್ತರಿಸಿ. ಪಟ್ಟಿಯ ಎರಡೂ ತುದಿಗೆ ಅಂಚಿರುತ್ತದಲ್ಲ, ಒಂದು ತುದಿ ಎಡತೋಳು, ಇನ್ನೊಂದು ತುದಿ ಬಲತೋಳು. ಎರಡರ ಮುಂಗೈಗೂ ಅಂಚು ಬಂದಂತಾಯಿತು. ನಡುವೆ ಉಳಿದ ತುಂಡು ಕೊರಳಿನ ಒಳಪಟ್ಟಿಗೆ ಸಾಕು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಸೇರುವ ಜಾಗ ಕಂಕುಳಿಗೋ ಹೆಗಲಿಗೋ ಬರದಂತೆ ನೋಡಿಕೊಳ್ಳಿ, ಜಗ್ಗುವ ಕಡೆ ಅದು ಬಿಟ್ಟುಕೊಳ್ಳಬಹುದು. ಕೆಂಪು ಸೆರಗನ್ನು ಕತ್ತರಿಸದೆ ಹಾಗೇ ಬಿಡಿಸಿಕೊಂಡರೆ ಒಳ್ಳೆಯ ಓಢಣಿಯಾಗುತ್ತದೆ.

ಹಳೆಯ ಬಟ್ಟೆಗೆ ಹೊಲಿಗೆಯ ಹೊರಗೆ ಮುಕ್ಕಾಲು ಇಂಚು ಬಿಡಬೇಕು, ಬಿಗಿಯಾಗಿ ಹೊಲಿಯಬಾರದು. ಬದಿಗಳನ್ನು ಮೊದಲು ಉಲ್ಟಾ ಮೈಗಳು ಒಂದಕ್ಕೊಂದು ತಾಗುವಂತಿಟ್ಟು ಸಣ್ಣಗೆ ಹೊಲಿಯಿರಿ. ನಂತರ ತಿರುವಿ, ಬಿಚ್ಚಿದ ಎಳೆಗಳು ಒಳಗೆ ಮುಚ್ಚಿಹೋಗುವಂತೆ ಇನ್ನೊಂದು ಹೊಲಿಗೆ ಹಾಕಿ. ಎದೆಯ ಭಾಗ ತೆಳುವೆನಿಸಿದರೆ ಅಸ್ತರಕ್ಕೆ ಅಂಗಡಿಗೆ ಓಡಬೇಡಿ. ಅಜ್ಜನ ಹಳೆಯ ಧೋತರದಷ್ಟು ಮೆತ್ತಗಿನ ಅಸ್ತರ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಮನೆಯಲ್ಲಿ ಮಿಷಿನ್ ಇಲ್ಲದಿದ್ದರೆ ಕತ್ತರಿಸಿ, ಪಿನ್ನು ಚುಚ್ಚಿ, ಊರ ಟೇಲರಿಗೆ ಕೊಡಿ. ದಾರ, ಗುಂಡಿ ಬೇಕಾದರೆ ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆ ಇದ್ದೇ ಇದೆ.

ಜೇಬು ಮರೆಯಬೇಡಿ

ಹೆಣ್ಣುಮಕ್ಕಳ ಬಟ್ಟೆಗೆ ಜೇಬು ಇಡದಿರುವುದು ದೊಡ್ಡ ಅನ್ಯಾಯ, ಅದನ್ನು ನಾವೇ ಸರಿಮಾಡಿಕೊಳ್ಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾಗಿದೆ, ಆದರೆ ಕಂಡಕ್ಟರ್ ಕೇಳಿದಾಗ ಗುರುತಿನ ಚೀಟಿ ತೋರಿಸಲೇಬೇಕು. ನೂಕುನುಗ್ಗಲಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಬ್ಯಾಗಿನ ತಳ ತಡಕಾಡುವ ಪಾಡು ಓಡಾಡುವವರಿಗೇ ಗೊತ್ತು. ಬಲಬದಿಯ ಹೊಲಿಗೆಯಲ್ಲಿ, ಸೊಂಟಕ್ಕಿಂತ ಮೂರ್ನಾಲ್ಕು ಇಂಚು ಕೆಳಗೆ, 7 ಇಂಚು ಅಗಲ, 10 ಇಂಚು ಆಳದ ಜೇಬು ಕೂಡಿಸಿ. ಸೈಡ್ ಕಟ್ ಅದಕ್ಕಿಂತ ಕೆಳಗಿನಿಂದ ಶುರುವಾಗಲಿ. ಮೊಬೈಲಿನ ಭಾರಕ್ಕೆ ಹಳೆಯ ಬಟ್ಟೆ ಹರಿಯದಂತೆ ಜೇಬಿನ ಬಾಯಿಗೆ ಒಳಗಿನಿಂದ ಗಟ್ಟಿ ಪಟ್ಟಿ ಕೊಡಿ. ಉಡಿ ತುಂಬಿದಾಗ ಬಂದು ಟ್ರಂಕಿನಲ್ಲಿ ಕುಳಿತ ಗುಳೇದಗುಡ್ಡದ ಖಣ ಒಂದಿದ್ದರೆ, ಆ ಪಟ್ಟಿಗೂ ಕಾಲರಿಗೂ ಅದನ್ನೇ ಬಳಸಿ. ಹಳೆಯ ಕುರ್ತಿಗೆ ಅಷ್ಟು ಬಣ್ಣ ಸಾಕು. ಉಳಿದ ಚೂರುಗಳೆಲ್ಲ ಕೌದಿಗೆ.

ಇನ್ನು ಮುಟಗಿ

ಡೋಣಿ ಕಣಿವೆಯ ಬಿಳಿಜೋಳ ತಿನ್ನುವ ನಮಗೆ ದಣಿವಿನ ಊಟ ಯಾವುದೆಂದು ಕೇಳಿದರೆ ನಾನು ಮುಟಗಿ ಎನ್ನುತ್ತೇನೆ. ಪಲ್ಯ ಬೇಡ, ಸಾರು ಬೇಡ, ಅರ್ಧ ಗಂಟೆಯೊಳಗೆ ಹೊಟ್ಟೆ ತಣ್ಣಗಾಗುತ್ತದೆ.

ಇಬ್ಬರಿಗೆ ಎರಡು ಬಟ್ಟಲು ಜೋಳದ ಹಿಟ್ಟು ತೆಗೆದುಕೊಳ್ಳಿ. ಗಿರಣಿಯಿಂದ ಈಚೆಗೆ ಬೀಸಿಕೊಂಡು ಬಂದದ್ದಾಗಿರಲಿ, ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ. ನಡುವೆ ಗುಂಡಿ ಮಾಡಿ ಕುದಿಯುವ ಎಸರು ಹಾಕಿ, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಬಿಸಿನೀರಿಗೆ ಬೆಂದ ಹಿಟ್ಟೇ ಇಲ್ಲಿ ಅಂಟಿನ ಕೆಲಸ ಮಾಡುತ್ತದೆ. ರೊಟ್ಟಿಯನ್ನು ಎಂದಿನಂತೆ ತೆಳ್ಳಗೆ ಬಡಿಯಬೇಡಿ, ಅದರ ಎರಡು ಪಟ್ಟು ದಪ್ಪ ಇರಲಿ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಸಣ್ಣ ಉರಿಯಲ್ಲಿ ಒಳಗೂ ಬೇಯುವಂತೆ ಸುಡಿ.

ರೊಟ್ಟಿ ಹಂಚಿನ ಮೇಲಿರುವಾಗಲೇ ಒರಳಿಗೆ ಆರೇಳು ಬೆಳ್ಳುಳ್ಳಿ ಎಸಳು, ಅರ್ಧ ಚಮಚ ಜೀರಿಗೆ, ಎರಡು ಹಸಿಮೆಣಸಿನಕಾಯಿ ಅಥವಾ ಒಂದು ಚಮಚ ಕೆಂಪು ಖಾರ, ಉಪ್ಪು ಹಾಕಿ ಕುಟ್ಟಿಕೊಳ್ಳಿ. ರೊಟ್ಟಿ ಇಳಿಸಿದ ಕೂಡಲೇ ಮುರಿದು ಒರಳಿಗೆ ಹಾಕಿ ಕುಟ್ಟಿ. ಇಲ್ಲಿ ತಡಮಾಡಬಾರದು. ಆರಿದ ಜೋಳ ಬಿರುಸಾಗಿ ಪುಡಿಪುಡಿಯಾಗುತ್ತದೆ, ಉಂಡೆ ಕಟ್ಟಲು ಬರುವುದಿಲ್ಲ. ಎರಡು ಚಮಚ ಕುಸುಬೆ ಎಣ್ಣೆಯೋ ತುಪ್ಪವೋ ಬಿಟ್ಟು, ಅಂಗೈಗೆ ಬಿಸಿ ಮುಟ್ಟುವಾಗಲೇ ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ. ಜೊತೆಗೆ ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಒರಳಿಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆ, ಲಟ್ಟಣಿಗೆಯ ತುದಿ ಸಾಕು. ಮಿಕ್ಸಿ ಬೇಡ, ರೊಟ್ಟಿ ಹಿಟ್ಟಾಗಿಬಿಡುತ್ತದೆ.

ಬೇಸಿಗೆಯಲ್ಲಿ ಒಲೆ ಮುಂದೆ ನಿಲ್ಲಲಾಗದಿದ್ದರೆ ಜೋಳದ ನುಚ್ಚು ಇದೆ. ಬೆಳಿಗ್ಗೆ ಹೊರಡುವಾಗ ಒಂದು ಬಟ್ಟಲು ನುಚ್ಚು ತೊಳೆದು ನೆನೆಹಾಕಿ. ಸೆಕೆ ಹೆಚ್ಚಿದ್ದರೆ ಫ್ರಿಜ್ಜಿನಲ್ಲಿಡಿ. ಸಂಜೆ ನಾಲ್ಕು ಬಟ್ಟಲು ನೀರು, ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಕೂಗಿಸಿ. ಆರಿದ ಮೇಲೆ ಮಜ್ಜಿಗೆ ಕಲಸಿ, ಉಪ್ಪಿನಕಾಯಿಯ ಜೊತೆ ಉಣ್ಣಿ.

ಮರುದಿನದ ಡಬ್ಬಿಗೆ ಬುಟ್ಟಿಯಲ್ಲಿ ಉಳಿದ ಕಟಕ ರೊಟ್ಟಿ ಸಾಕು. ಎರಡು ರೊಟ್ಟಿ ಸಣ್ಣಗೆ ಮುರಿದು ಅರ್ಧ ಬಟ್ಟಲು ನೀರು ಚಿಮುಕಿಸಿಡಿ. ಎಣ್ಣೆಗೆ ಸಾಸಿವೆ, ಜೀರಿಗೆ, ಒಂದು ಹಿಡಿ ಶೇಂಗಾ, ಕರಿಬೇವು, ಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಶಿನ ಹಾಕಿ ಬಾಡಿಸಿ, ರೊಟ್ಟಿ ಸೇರಿಸಿ, ಉಪ್ಪು ಹಾಕಿ, ಮುಚ್ಚಳ ಮುಚ್ಚಿ ಮೂರು ನಿಮಿಷ ಬಿಡಿ. ಮನೆಯಲ್ಲೇ ತಿನ್ನುವುದಾದರೆ ನೀರಿನ ಬದಲು ಹುಳಿ ಮಜ್ಜಿಗೆ ಚಿಮುಕಿಸಿದರೆ ರುಚಿ ಹೆಚ್ಚು. ಡಬ್ಬಿಗೆ ಕಟ್ಟುವುದಾದರೆ ಮಜ್ಜಿಗೆ ಬೇಡ, ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಕೆಡಬಹುದು. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಪೂರ್ತಿ ಆರಿಸಿ ಮುಚ್ಚಳ ಹಾಕಿ.