ಮೀನಖಂಡ ಹಿಡಿದುಕೊಳ್ಳುವುದೇಕೆ?

ನಮ್ಮ ಕಡೆ ಕಾಲಿನ ಬಾಧೆಗಳಿಗೆ ಹೆಸರಿನ ಬಡತನವಿಲ್ಲ. ಕೂತು ಕೂತು ಮರಗಟ್ಟಿದರೆ ಜೋಮು. ಬದುವಿನ ಮೇಲೆ ಹೆಜ್ಜೆ ತಪ್ಪಿದರೆ ಉಳುಕು. ನಡುರಾತ್ರಿಯಲ್ಲಿ ಮೀನಖಂಡ ಕಲ್ಲಿನಂತೆ ಗಂಟುಕಟ್ಟಿ ಪ್ರಾಣ ಹಿಂಡಿದರೆ 'ಹಿಡಿದುಕೊಂಡಿತು'. ಹಿಡಿದದ್ದು ಯಾವುದೆಂದು ಕೇಳಿದರೆ 'ವಾಯು' ಎನ್ನುತ್ತಾರೆ. ಈ ಮೂರನೆಯದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಚರಿತ್ರೆ, ಅರ್ಥಶಾಸ್ತ್ರ ಓದುವವನಿಗೆ ಸ್ನಾಯುವಿನ ಗೊಡವೆ ಏಕೆಂದು ಅಧ್ಯಾಪಕರು ಕೇಳಿಯಾರು. ನಮ್ಮಲ್ಲಿ ಅನೇಕರ ಮನೆಯಲ್ಲಿ ಓದು ನಮ್ಮಿಂದಲೇ ಮೊದಲಾಗಿದೆ. ಗದ್ದೆಯಿಂದ ಬಂದ ತಾಯಿ ರಾತ್ರಿ ಎದ್ದು ಕಾಲು ಹಿಡಿದು ಕೂತಾಗ, ಕಾರಣವೇನೆಂದು ಪುಸ್ತಕದಲ್ಲಿ ಹುಡುಕಬಲ್ಲವರು ಆ ಮನೆಯಲ್ಲಿ ನಾವೊಬ್ಬರೇ.

ಸ್ನಾಯುವೆಂಬುದು ಸಹಸ್ರಾರು ಎಳೆಗಳ ಕಟ್ಟು. ಬೆನ್ನುಹುರಿಯಿಂದ ನರದ ಮೂಲಕ ಅಪ್ಪಣೆ ಬಂದೊಡನೆ ಎಳೆಯೊಳಗಿನ ಸೂಕ್ಷ್ಮತಂತುಗಳು ಒಂದರೊಳಗೊಂದು ಜಾರಿ ಸ್ನಾಯು ಮೊಟಕಾಗುತ್ತದೆ. ಅಪ್ಪಣೆ ನಿಂತರೆ ಸಡಿಲಾಗುತ್ತದೆ. ಸೆಳೆತದಲ್ಲಿ ಈ ಅಪ್ಪಣೆ ನಿಲ್ಲುವುದೇ ಇಲ್ಲ. ದೋಷ ಕಾಲಿನದೆಂದು ನಾವು ಉಜ್ಜುತ್ತೇವೆ; ಗಲಾಟೆ ನರದ್ದು.

ಏಕೆ ಹೀಗಾಗುತ್ತದೆ? ಹಳೆಯ ಉತ್ತರ ಬೆವರು. ೧೯೨೦ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಬೆವರಿ ಬೆವರಿ ಬರಿಯ ನೀರನ್ನೇ ಕುಡಿಯುತ್ತಿದ್ದ ಕೂಲಿಗಳಿಗೆ ಸೆಳೆತ ಬರುತ್ತಿದ್ದುದೂ, ನೀರಿಗೆ ಉಪ್ಪು ಬೆರೆಸಿ ಕೊಟ್ಟಾಗ ಕಡಮೆಯಾದದ್ದೂ ದಾಖಲಾಗಿವೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಕಾವಿನಲ್ಲಿ ದುಡಿಯುವವರಿಗೆ ಈ ಮಾತು ಒಪ್ಪುತ್ತದೆ. ಆದರೆ ತಂಪುಹೊತ್ತಿನಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಲುಗಳನ್ನು ಹತ್ತಿಳಿದು ಚನ್ನರಾಯಪಟ್ಟಣದ ಬಸ್ಸು ಹಿಡಿಯುವವರಿಗೂ ಅಂದಿನ ರಾತ್ರಿ ಕಾಲು ಹಿಡಿಯುವುದುಂಟಲ್ಲ! (ವರ್ಷವಿಡೀ ಅಲುಗದೆ ನಿಂತ ಬಾಹುಬಲಿಯ ಮಾತು ಬೇರೆ.) ದಕ್ಷಿಣ ಆಫ್ರಿಕದ ವೈದ್ಯ ಷ್ವೆಲ್ನಸ್ ಮತ್ತು ಸಂಗಡಿಗರು ೧೯೯೭ರಲ್ಲಿ ಇನ್ನೊಂದು ಉತ್ತರವಿತ್ತರು. ಸ್ನಾಯು ದಣಿದಾಗ 'ಬಿಗಿ' ಎನ್ನುವ ಸಂದೇಶ ಹೆಚ್ಚುತ್ತದೆ, ಸ್ನಾಯುರಜ್ಜುವಿನಿಂದ 'ಸಾಕು' ಎಂದು ಹೋಗುವ ಸಂದೇಶ ಕುಗ್ಗುತ್ತದೆ. ಮೊದಲೇ ಮೊಟಕಾಗಿರುವ ಸ್ನಾಯುವಿಗೆ ಇದು ಬೇಗ ತಟ್ಟುತ್ತದೆ. ಹಾಸನದ ಆಲೂಗೆಡ್ಡೆ ಹೊಲದಲ್ಲಿ ತುದಿಗಾಲಿನಲ್ಲಿ ಕುಕ್ಕರಿಸಿ ಗೆಡ್ಡೆ ಆಯುವವರ ಮೀನಖಂಡ ಮೊಟಕಾಗಿಯೇ ಇರುತ್ತದೆ. ಕಂಬಳಿಯ ಭಾರಕ್ಕೆ ಪಾದ ಕೆಳಕ್ಕೆ ಬಾಗಿ ಮಲಗಿದವರದೂ ಹಾಗೆಯೇ. ನನಗೆ ತೋರುವಂತೆ ನಮ್ಮ ರೈತಾಪಿ ಜನಕ್ಕೆ ಎರಡು ಕಾರಣಗಳೂ ಕೂಡಿಯೇ ಬರುತ್ತವೆ.

ಪರಿಹಾರ ಇದರಿಂದಲೇ ತಿಳಿಯುತ್ತದೆ. ಮಂಡಿ ನೀಡಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆದು ಹಿಡಿಯಬೇಕು. ರಜ್ಜು ಬಿಗಿದು 'ಸಾಕು' ಎಂಬ ಸಂದೇಶ ಮತ್ತೆ ಹೊರಡುತ್ತದೆ. ಹೆಬ್ಬೆರಳು ಹಿಡಿದು ಜಗ್ಗುವ ನಮ್ಮ ಅಜ್ಜಿಯರು ಶಾಸ್ತ್ರ ಓದದೆಯೇ ಸರಿಯಾದುದನ್ನು ಮಾಡುತ್ತಿದ್ದರು. ಉಜ್ಜುವುದು, ಬಿಸಿನೀರು ಕಾಯಿಸುವುದು ಆಮೇಲಿನ ಮಾತು. ಹೊಳೆನರಸೀಪುರದಲ್ಲಿ ಹೇಮಾವತಿಗೆ ಈಜಲು ಇಳಿಯುವ ಮಿತ್ರರು ಇದನ್ನು ನೆನಪಿಡಬೇಕು: ನೀರಿನಲ್ಲಿ ಕಾಲು ಹಿಡಿದರೆ ಒದೆಯಕೂಡದು, ಅಂಗಾತ ತೇಲಿ, ಉಸಿರೆಳೆದು, ಬೆರಳು ಹಿಡಿದೆಳೆದು, ಕೂಗಿ ಕರೆಯಬೇಕು. ಮಲಗುವ ಮುನ್ನ ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಹೀಗೆ ನೀಡಿದ ವೃದ್ಧರಿಗೆ ರಾತ್ರಿಯ ಸೆಳೆತ ಕಡಮೆಯಾಯಿತೆಂದು ೨೦೧೨ರಲ್ಲಿ ನೆದರ್ಲೆಂಡಿನ ಪರೀಕ್ಷೆಯೊಂದು ತೋರಿಸಿತು. ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಕ್ವಿನೈನು ರಕ್ತಕ್ಕೂ ಹೃದಯಕ್ಕೂ ಅಪಾಯವೆಂದು ೨೦೦೬ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿತು.

ಇನ್ನು ನೀರಿನ ವಿಷಯ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ನಮ್ಮಲ್ಲೇ ಇವೆ. ಆದರೆ ನಾಟಿಗೆ ಹೋದ ಹೆಂಗಸರು ಎಷ್ಟೋ ವೇಳೆ ಬೇಕೆಂದೇ ನೀರು ಕುಡಿಯುವುದಿಲ್ಲ. ಬಯಲುಗದ್ದೆಯಲ್ಲಿ ಮರೆಯಿಲ್ಲ, ಸಂಜೆಯವರೆಗೆ ತಡೆದುಕೊಳ್ಳಬೇಕು. ಇದನ್ನು ಗಂಡಸರು ಮಾತಾಡುವುದಿಲ್ಲ, ಹೆಂಗಸರು ಹೇಳಿಕೊಳ್ಳುವುದಿಲ್ಲ. ಬದುವಿನ ಮೇಲೆ ನಾಲ್ಕು ಗಳು, ಒಂದು ಹಳೆಯ ಸೀರೆ ಕಟ್ಟಿದರೆ ಆಗುವ ಕೆಲಸ ಇದು. ರಜೆಯಲ್ಲಿ ಊರಿಗೆ ಹೋದಾಗ ನಾವೇ ಮಾಡಬಹುದು.

ಎಲ್ಲವನ್ನೂ ಸೆಳೆತವೆಂದು ತಳ್ಳಿಹಾಕಲೂ ಕೂಡದು. ಒಂದೇ ಕಾಲು ಊದಿ ಬೆಚ್ಚಗಾದರೆ, ಅಥವಾ ಬೀಡಿ ಸೇದುವವರಿಗೆ ನಡೆದಾಗ ಹಿಡಿದು ನಿಂತಾಗ ಬಿಡುತ್ತಿದ್ದರೆ, ಅದು ರಕ್ತನಾಳದ ತೊಂದರೆಯಿರಬಹುದು, ಆಸ್ಪತ್ರೆಗೆ ಹೋಗತಕ್ಕದ್ದು. ರಕ್ತದೊತ್ತಡವಿರುವವರು ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಬಾರದು. ಹೊಸ ಗುಳಿಗೆ ಮೊದಲಾದ ಮೇಲೆ ಸೆಳೆತ ಹೆಚ್ಚಿದ್ದರೆ ಆ ಚೀಟಿಯನ್ನೂ ಜೊತೆಗೆ ಒಯ್ಯಬೇಕು. ಮೂತ್ರ ಹೆಚ್ಚಿಸುವ ಗುಳಿಗೆಗಳಿಂದ ದೇಹದ ಲವಣಗಳು ಕಳೆದುಹೋಗುವುದುಂಟು.